ಮರಿಸೆಲ್‌ಳ ಬಯಕೆ

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಡಾಕ್ಟರು ಹಾಗೇನಿಲ್ಲ ಎನ್ನುತ್ತಾರೆ. ಎನ್ನಲಿ. ರಾತ್ರಿಯೆಲ್ಲ ಅಳುವ ಮಗುವನ್ನು ಎತ್ತಿಕೊಂಡು ತಿರುಗುವವಳು ಅಜ್ಜಿ, ಡಾಕ್ಟರಲ್ಲ. ಅದಕ್ಕೇ ಸೊಸೆ ಮರಿಸೆಲ್‌ಗೆ ಮೂರು ತಿಂಗಳು ತುಂಬಿದಾಗ, ಆನಂದಪುರದ ನಮ್ಮ ಹೋಟೆಲಿನ ಒಲೆ ಮುಂದೆ ನಿಂತು ಕೇಳಿದೆ.

"ಎಂತ ತಿನ್ಬೇಕು ಅನ್ನಿಸ್ತದೆ? ಹೇಳು, ಮಾಡಿಕೊಡ್ತೀನಿ."

"ತಿನ್ನೋದು ಬೇಡ ಅಮ್ಮ. ನಂಗೆ ಅಣ್ಣ ಆಡೋದು ನೋಡ್ಬೇಕು" ಎಂದಳು.

ಮರಿಸೆಲ್ ಫಿಲಿಪೈನ್ಸಿನವಳು. ನನ್ನ ಮಗ ದುರ್ಗೇಶ್ ದುಬೈಯಲ್ಲಿ ಅಡುಗೆ ಕೆಲಸಕ್ಕಿದ್ದಾಗ ಅವಳೂ ಅದೇ ಹೋಟೆಲಿನಲ್ಲಿದ್ದಳು. ಇಬ್ಬರೂ ಮದುವೆಯಾಗಿ ಬಂದು ಇಲ್ಲಿ ರಸ್ತೆ ಪಕ್ಕ ಮೀನೂಟದ ಹೋಟೆಲು ತೆರೆದರು. ಬಂದ ದಿನ ಅವಳು ನನ್ನ ಕೈ ಹಿಡಿದು, ಕೈಯ ಹಿಂಭಾಗವನ್ನು ತನ್ನ ಹಣೆಗೆ ಒತ್ತಿಕೊಂಡಳು. ಪಾಪ, ‘ಜ್ವರ ಬಂದಿದೆ, ನೋಡು’ ಅನ್ನುತ್ತಿದ್ದಾಳೆ ಎಂದುಕೊಂಡು ನಾನು ಕಷಾಯಕ್ಕೆ ನೀರಿಟ್ಟೆ. ಅದು ಅವರ ಕಡೆ ಹಿರಿಯರಿಗೆ ಮಾಡುವ ನಮಸ್ಕಾರವಂತೆ. ಆವತ್ತೇ ಅವಳು ನನಗೆ ಇಷ್ಟವಾದಳು. ಬಾಯಿಬಿಟ್ಟು ಹೇಳಲು ಮಾತ್ರ ಒಂದು ವರ್ಷ ಹಿಡಿಯಿತು.

ಅವಳಿಗೆ ತೌರು ಎಂದರೆ ಅಣ್ಣ ರೋಡೆಲ್ ಒಬ್ಬನೇ. ಅಪ್ಪ ಅಮ್ಮ ಹೋದ ಮೇಲೆ ಸಾಕಿದವನು ಅವನೇ. ಮನಿಲಾದ ದೊಡ್ಡ ಲೀಗಿನಲ್ಲಿ ಬಾಸ್ಕೆಟ್‌ಬಾಲ್ ಆಡುವುದೇ ಅವನ ಉದ್ಯೋಗ. ಅಲ್ಲಿ ತಂಡಕ್ಕೆ ಊರಿನ ಹೆಸರಿಲ್ಲ, ಕಂಪನಿಯ ಹೆಸರು. ಇವನದ್ದು ಮೀನನ್ನು ಡಬ್ಬಿಗೆ ತುಂಬುವ ಕಂಪನಿ. ಅಂಥ ಮೀನಿನ ಮೇಲೆ ನನಗೇನೂ ಗೌರವವಿಲ್ಲ, ಆದರೂ ಸಂಬಂಧ ಎಂದ ಮೇಲೆ ಬಿಟ್ಟುಕೊಡಲಾಗುತ್ತದೆಯೇ? ಕಳೆದ ವರ್ಷ ಅವನ ಮಂಡಿ ಆಪರೇಶನ್ ಆಗಿತ್ತು. ಈ ಸೀಸನ್ ಮುಗಿದರೆ ಕಾಂಟ್ರಾಕ್ಟೂ ಮುಗಿಯುತ್ತದೆ, ಆಮೇಲೆ ಯಾವ ತಂಡವೂ ಕರೆಯುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ಇವಳಿಗೂ ಗೊತ್ತಿತ್ತು.

ಮನಿಲಾದ ಸಂಜೆಯ ಆಟ ನಮಗೆ ಮಧ್ಯಾಹ್ನ. ಊಟದ ಗಿರಾಕಿಗಳು ಎದ್ದ ಮೇಲೆ ದುರ್ಗೇಶ್ ಫೋನಿನಿಂದ ಹೋಟೆಲಿನ ಟಿವಿಗೆ ಆಟ ಹಾಕುತ್ತಿದ್ದ. ತಂಡದ ಐದು ಜನ ಓಡುತ್ತಿದ್ದರು, ಉಳಿದವರು ಬೆಂಚಿನ ಮೇಲೆ. ರೋಡೆಲ್ ಯಾವಾಗಲೂ ಬೆಂಚಿನ ತುದಿಯಲ್ಲಿ, ಹೆಗಲಿಗೆ ಟವೆಲ್ ಹೊದ್ದು ಕೂತಿರುತ್ತಿದ್ದ. ಕ್ಯಾಮೆರಾ ಆ ಕಡೆ ತಿರುಗಿದರೆ ಮರಿಸೆಲ್ ಬೆರಳು ತೋರಿಸುತ್ತಿದ್ದಳು, ಅಷ್ಟರಲ್ಲಿ ಕ್ಯಾಮೆರಾ ಬೇರೆ ಕಡೆ ಹೋಗಿರುತ್ತಿತ್ತು. ಡಬ್ಬಿ ಮೀನಿನವರು ಪಂದ್ಯದ ಮೇಲೆ ಪಂದ್ಯ ಸೋತರು. ಬೋಳುತಲೆಯ ಕೋಚು ಮಾತ್ರ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಅಲ್ಲಾ, ಹೆಂಗೂ ಸೋಲ್ತೀಯ. ಆ ಹುಡ್ಗನ್ನ ಇಳ್ಸಿ ಸೋಲಕ್ಕೆ ಎಂತ ರೋಗ ನಿಂಗೆ?" ಎಂದು ನಾನು ಸೌಟು ಹಿಡಿದುಕೊಂಡೇ ಟಿವಿಗೆ ಬೈಯುತ್ತಿದ್ದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯದಕ್ಕೆ ಎಲೆ ಹಾಕುವುದಿಲ್ಲವೇ? ಅಷ್ಟು ನ್ಯಾಯ ಆ ಬೋಳನಿಗೆ ಗೊತ್ತಿರಲಿಲ್ಲ. ಟೀ ಕುಡಿಯಲು ಬರುವ ಬಸ್ ಡ್ರೈವರುಗಳೂ "ಬೀಗ್ರು ಇಳಿದ್ರಾ ಕನ್ನಮ್ಮ?" ಎಂದು ಕೇಳತೊಡಗಿದರು. ವರದಹಳ್ಳಿಯ ಆಶ್ರಮಕ್ಕೆ ಹೋದಾಗ ಎಲ್ಲರೂ ತಮ್ಮ ತಮ್ಮ ಕಷ್ಟ ಹೇಳಿಕೊಂಡರು. ನಾನು ಮನಿಲಾದ ಕೋಚಿಗೆ ಒಳ್ಳೆ ಬುದ್ಧಿ ಕೊಡು ಸ್ವಾಮಿ ಎಂದು ಕೈಮುಗಿದು ಬಂದೆ.

ಏಳನೇ ತಿಂಗಳಿಗೆ ಬಯಕೆ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ತೌರಿನವರು ಬಂದು ಮಡಿಲು ತುಂಬಬೇಕು, ಆಮೇಲೆ ಆರತಿ. ರೋಡೆಲ್ ಬರುವಂತಿರಲಿಲ್ಲ. ಸೀಸನ್ನಿನ ಕೊನೆಯ ಪಂದ್ಯವೂ ಅದೇ ದಿನ ಬಿದ್ದಿತ್ತು. ತೌರಿನ ಸೀರೆಯ ಬದಲು ಅವನು ತನ್ನ ನೀಲಿ ಜೆರ್ಸಿಯನ್ನು ಕೊರಿಯರ್ ಮಾಡಿದ್ದ. ಅಕ್ಕಿ, ಕಾಯಿ, ಹಸಿರು ಬಳೆಯ ಜೊತೆ ಅದನ್ನೂ ಮಡಿಚಿ ತಟ್ಟೆಯಲ್ಲಿಟ್ಟೆ.

ಆವತ್ತು ಹೋಟೆಲಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಟಿವಿಯ ಎದುರಿಗೇ ಮಣೆ ಹಾಕಿ ಮರಿಸೆಲ್‌ಳನ್ನು ಕೂರಿಸಿದೆವು. ಹೆಂಗಸರ ಊಟವಾಯಿತು, ಎಲೆ ಅಡಿಕೆಯೂ ಆಯಿತು. ಆಟ ಮುಕ್ಕಾಲು ಮುಗಿದಿತ್ತು. ರೋಡೆಲ್ ಇನ್ನೂ ಟವೆಲ್ ಹೊದ್ದೇ ಕೂತಿದ್ದ. ಅವನು ಆಟಕ್ಕೆ ಇಳಿದ ಮೇಲೆಯೇ ಮಡಿಲು ತುಂಬುವುದು ಎಂದು ನಾನು ಹಟ ಹಿಡಿದಿದ್ದೆ.

"ಎಷ್ಟೊತ್ತು ಕಾಯೋದೇ? ಐದರ ಬಸ್ಸಿಗೆ ಹೋಗ್ಬೇಕು ನಾವು" ಎಂದಳು ಮಾಸ್ತಮ್ಮ. ನನ್ನ ದೊಡ್ಡಮ್ಮನ ಮಗಳು, ಶಾಸ್ತ್ರ ಎಂದರೆ ಅವಳದ್ದೇ ಕೊನೆಯ ಮಾತು. "ತೌರಿಲ್ದೋರಿಗೆ ಬೇರೆಯೋರು ತುಂಬಲ್ವಾ? ಬಿಡು, ನಾನೇ ತುಂಬ್ತೀನಿ."

ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮರಿಸೆಲ್ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ತೌರಿಲ್ಲ ಅಂತ ಯಾರಂದ್ರು? ಅಲ್ಲಿ ಕೂತಿದಾನಲ್ಲ!" ಎಂದು ಟಿವಿ ತೋರಿಸಿದೆ.

ಮಗುವಿನ ಕಿವಿಯ ಚಿಂತೆ ಆಗ ಮರೆತೇಹೋಗಿತ್ತು. ಇಷ್ಟು ದೂರ ನಮ್ಮನ್ನು ನಂಬಿ ಬಂದ ಹುಡುಗಿ, ತನ್ನವರು ಯಾರೂ ಇಲ್ಲ ಎಂದುಕೊಂಡು ಆ ಮಣೆಯಿಂದ ಏಳಬಾರದು. ನನಗೆ ಬೇಕಿದ್ದದ್ದು ಅಷ್ಟೇ.

ಅಷ್ಟರಲ್ಲಿ ಟಿವಿಯಲ್ಲಿ ಆ ಬೋಳ ಕೋಚು ಬೆಂಚಿನ ಕಡೆ ತಿರುಗಿದ. ಏನೋ ಹೇಳಿದ. ರೋಡೆಲ್ ಟವೆಲ್ ತೆಗೆದು ಪಕ್ಕದವನ ಕೈಗೆ ಕೊಟ್ಟ, ಮಂಡಿ ಒಮ್ಮೆ ಒತ್ತಿಕೊಂಡು ಎದ್ದ. ಮರಿಸೆಲ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಗೆರೆ ದಾಟಿ ಒಳಗೆ ಕಾಲಿಟ್ಟ.

"ಏಳ್ರೇ, ತೌರಿನೋರು ಬಂದ್ರು! ಆರತಿ ತನ್ನಿ!" ಎಂದೆ.

ಮಾಸ್ತಮ್ಮನೇ ಮೊದಲು ಎದ್ದಳು. ಅಕ್ಕಿ, ಕಾಯಿ, ಬಳೆ, ನೀಲಿ ಜೆರ್ಸಿ ಎಲ್ಲ ಮಡಿಲು ಸೇರಿದವು. ಹೆಂಗಸರು ಹಾಡು ಹೇಳಿದರು. ಅತ್ತ ರೋಡೆಲ್ ಎಸೆದ ಒಂದೇ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು. ಸ್ವಲ್ಪ ಹೊತ್ತಿಗೆ ಪೀಪಿ ಊದಿದರು, ಡಬ್ಬಿ ಮೀನಿನವರು ಸೋತರು. ಮರಿಸೆಲ್ ಅಳುತ್ತಾ ನಗುತ್ತಾ ಬಳೆಯ ಕೈಯಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು.

ಹೆಂಗಸರು ಚಪ್ಪಲಿ ಹುಡುಕುತ್ತಿದ್ದಾಗ ರೋಡೆಲ್‌ನ ವಿಡಿಯೋ ಕಾಲ್ ಬಂತು. ಬೆವರಿಳಿಯುವ ಮುಖ. ನಾನು ಫೋನು ಕಿತ್ತುಕೊಂಡೆ.

"ಇಷ್ಟೊತ್ತಾ ಬರೋದು? ತಂಗಿಗೆ ಕಾದೂ ಕಾದೂ ಸಾಕಾಯ್ತು."

ಮರಿಸೆಲ್ ಅದನ್ನು ಅವರ ಮಾತಿನಲ್ಲಿ ಹೇಳಿದಳು. ಅವನು ತಲೆ ಬಗ್ಗಿಸಿದ, ಫೋನಿನ ತುಂಬ ಬರೀ ಹಣೆ. ಈ ಸಲ ನನಗೆ ತಿಳಿಯಿತು. ಕೈಗೆ ಅಂಟಿದ್ದ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡು, ಕೈಯ ಹಿಂಭಾಗವನ್ನು ಆ ಹಣೆಗೆ ಗಟ್ಟಿಯಾಗಿ ಒತ್ತಿದೆ.

ನನ್ನ ಕೈ ತಾಗಿ ಕಾಲ್ ಕಟ್ಟಾಯಿತು.

"ಇನ್ನೊಂದ್ಸಲ ಮಾಡೇ ಮರಿ" ಎಂದೆ. "ಮುಟ್ತೋ ಇಲ್ವೋ ಕೇಳು."