ನೀರು ತಿರುಗಿದಾಗ

"ಎಕ್ಕ ಬಿತ್ತು ನೋಡು ನಿಂಗೆ!" ಓಕ್ತಾವ್ ಮುದುಕ ಇಸ್ಪೀಟೆಲೆಯನ್ನು ಲಾಟೀನಿನ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದ. "ಇವತ್ತು ಮೊದ್ಲು ಜಾಗ ಆರ್ಸೋದು ಕ್ಲೆಲಿ."

ಮೇಜಿನ ಸುತ್ತ ಕಾಫಿ ಹೀರುತ್ತಿದ್ದ ಗಂಡಸರ ಮುಖ ಹುಳ್ಳಗಾಯಿತು. ಇನ್ನೂ ಬೆಳಕು ಹರಿದಿರಲಿಲ್ಲ. ಗೋಡೆಯ ಮೇಲೆ ಅಚಫಲಾಯ ಹೊಳೆಯ ಜೌಗಿನ ನಕ್ಷೆ ಬರೆದ ಹಲಗೆಯಿತ್ತು, ಹೊಂಚು ಕೂರುವ ಒಂದೊಂದು ಜಾಗಕ್ಕೂ ಒಂದೊಂದು ಮೊಳೆ. ಆರಿಸಿದ ಮೊಳೆಗೆ ತನ್ನ ಹೆಸರಿನ ಬಿಲ್ಲೆ ತೂಗುಹಾಕಿದರೆ ಮುಗಿಯಿತು, ಆ ದಿನ ಆ ಜಾಗಕ್ಕೆ ಬೇರೆ ಯಾರೂ ಕಾಲಿಡುವಂತಿಲ್ಲ, ಹಾಕಿದವರು ಮನಸ್ಸು ಬದಲಾಯಿಸುವಂತೆಯೂ ಇಲ್ಲ.

ಆ ಬೇಟೆ ಬಿಡಾರದಲ್ಲಿ ಆರು ಮಂಚ, ಆರು ಜನ. ಸತತ ಮೂರು ವರ್ಷ ಒಂದೂ ಜಿಂಕೆ ಹೊಡೆಯದವರು ಮಂಚ ಖಾಲಿ ಮಾಡಬೇಕು ಅನ್ನುವುದು ಕಟ್ಟಳೆ. ಕಟ್ಟಳೆ ಮಾಡಿದವನು ಕ್ಲೆಲಿಯ ಅಪ್ಪ. ಸೈಪ್ರೆಸ್ ಹಲಗೆ ಕೊಯ್ದು ಬಿಡಾರ ಕಟ್ಟಿದವನೂ ಅವನೇ. ತಾನು ತೋಡಿದ ಗುಂಡಿಗೆ ಮಗಳೇ ಬೀಳುತ್ತಾಳೆಂದು ಪಾಪ ಅವನಿಗೇನು ಗೊತ್ತು! ಕ್ಲೆಲಿಗೆ ಇದು ಮೂರನೆಯ ವರ್ಷ, ಹಂಗಾಮಿನಲ್ಲಿ ಉಳಿದದ್ದು ಎರಡೇ ದಿನ. ಅವಳ ಮಂಚ ಖಾಲಿಯಾಗಲೆಂದು, ಜೊತೆಯ ಬೇಟೆಗಾರ ಪ್ಲಾಸೀದನ ಅಳಿಯನ ಹಾಸಿಗೆಯಂತೂ ಸುರುಳಿ ಸುತ್ತಿಕೊಂಡು ಆಗಲೇ ಜಗಲಿಗೆ ಬಂದು ಕೂತಿತ್ತು.

"ಓಕ್ ದಿಬ್ಬಕ್ಕೇ ತಾನೇ? ಹಾಕವ್ವಾ ಹಾಕು," ಅಂದ ಪ್ಲಾಸೀದ. "ಓಕ್ ಕಾಯಿ ಎಲ್ಲೋ ಜಿಂಕೆ ಅಲ್ಲೇ. ಕುರುಡಂಗೂ ಒಂದು ಸಿಕ್ಕತ್ತೆ."

ಕ್ಲೆಲಿ ಹಲಗೆಯ ಮುಂದೆ ನಿಂತಳು. ಐವತ್ತೆರಡರ ಹೆಂಗಸು, ಸಿಗಡಿ ಬುಟ್ಟಿ ಎತ್ತಿ ಎತ್ತಿ ತೋಳು ಗಟ್ಟಿಯಾಗಿದ್ದವು. ಎರಡು ವರ್ಷ ಆ ಕಾಯಿಯ ಮಾತನ್ನೇ ನಂಬಿ ಕೆಟ್ಟಿದ್ದಳು. ನಿನ್ನೆ ಸಂಜೆ ಸಿಗಡಿ ಹಿಡಿಯಲು ನೀರಿಗಿಳಿಸಿದ ಬುಟ್ಟಿ ನೋಡಲು ಹೋದಾಗ, ದಿನವೂ ದಕ್ಷಿಣಕ್ಕೆ ಎಳೆಯುವ ಹಗ್ಗಗಳೆಲ್ಲ ಉತ್ತರಕ್ಕೆ ಎಳೆದುಕೊಂಡು ನಿಂತಿದ್ದವು. ಎಂದರೆ ನೀರು ತಿರುಗಿದೆ. ಎಲ್ಲೋ ಮೇಲೆ ಮಳೆಯಾಗಿ ದೊಡ್ಡ ಹೊಳೆ ಉಬ್ಬಿದರೆ ಇಲ್ಲಿ ನೀರು ಸದ್ದಿಲ್ಲದೆ ಹಿಂದಿನಿಂದ ಬಂದು ಏರುತ್ತದೆ. ಹಾಗೆ ಏರಿದ ದಿನ ಜಿಂಕೆಗೆ ಹೊಟ್ಟೆಯ ಚಿಂತೆ ಆಮೇಲೆ, ಮೊದಲು ಕಾಲು ಒಣಗುವ ನೆಲ ಬೇಕು. ಆದರೆ ಓಕ್ ದಿಬ್ಬಕ್ಕೂ ನೀರು ಹತ್ತೀತೇ? ಹತ್ತದಿದ್ದರೆ? ಕೈಗೆ ಬಂದ ಎಕ್ಕವನ್ನು ತಾನಾಗಿ ನೀರಿಗೆಸೆದ ಹುಚ್ಚಿ ಅಂತ ಊರೆಲ್ಲ ನಗುತ್ತದೆ.

"ಓಕ್ತಾವ್ ಮಾವ, ಒಂದು ಮೊಳೆ ಕೊಡು. ಸುತ್ತಿಗೇನೂ ಕೊಡು."

ನಕ್ಷೆಯಲ್ಲಿ ಹಳೇ ಕಾಲುವೆಯ ಎತ್ತರದ ಏರಿಯ ಮೇಲೆ, ಯಾರೂ ಎಂದೂ ಕೂತಿರದ ಕಡೆ, ಹೊಸ ಮೊಳೆ ಹೊಡೆದು ಬಿಲ್ಲೆ ಹಾಕಿದಳು.

ಬಿಡಾರ ಹಾರಿಹೋಗುವಂತೆ ನಗು ಎದ್ದಿತು. "ಅಲ್ಲೇನಿದೆ? ಬರೀ ಮುಳ್ಳು!" ಪ್ಲಾಸೀದ ಕಣ್ಣೊರೆಸಿಕೊಂಡ. "ಜಿಂಕೆ ಏನು, ನಿನ್ನ ಸಿಗಡಿ ತಿನ್ನಕ್ಕೆ ಬರ್ತದಾ?" ಅನ್ನುತ್ತಲೇ ತನ್ನ ಬಿಲ್ಲೆಯನ್ನು ಓಕ್ ದಿಬ್ಬಕ್ಕೆ ಏರಿಸಿಬಿಟ್ಟ.

ಏರಿ ಹತ್ತು ಹೆಜ್ಜೆ ಅಗಲ, ಅರ್ಧ ಮೈಲಿ ಉದ್ದ. ಕ್ಲೆಲಿ ಅದರ ಮೇಲೆ ಕಾಲೇ ಇಡಲಿಲ್ಲ. ಜಿಂಕೆ ನಡೆಯುವ ಏಕೈಕ ದಾರಿಯಲ್ಲಿ ಮನುಷ್ಯರ ವಾಸನೆ ಬಿಟ್ಟರೆ ಕೆಲಸ ಕೆಟ್ಟಂತೆಯೇ. ಗಾಳಿ ಉತ್ತರದಿಂದ ಬೀಸುತ್ತಿತ್ತು. ಏರಿಯ ದಕ್ಷಿಣಕ್ಕೆ, ನೀರಿನಲ್ಲೇ, ಎರಡು ಸೈಪ್ರೆಸ್ ಮರಗಳ ನಡುವೆ ದೋಣಿಯನ್ನು ಮುಂದೂ ಹಿಂದೂ ಬಿಗಿದು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಹೊತ್ತು ಹುಟ್ಟಿತು. ಜನವರಿಯ ಚಳಿಗೆ ಬೆರಳು ಮರಗಟ್ಟಿದವು. ಒಂದು ಬಕ ಬಂತು, ಹೋಯಿತು. ಎಂಟಾಯಿತು, ಒಂಬತ್ತಾಯಿತು. ಏರಿಯ ಮೇಲೆ ಒಂದು ಮೊಲವೂ ಇಲ್ಲ. ದಿಬ್ಬದ ಕಡೆಯಿಂದ ಈಗ ಗುಂಡಿನ ಸದ್ದು ಬರುತ್ತದೆ, ಈಗ ಬರುತ್ತದೆ ಎಂದು ಅವಳ ಕಿವಿ ಅತ್ತಲೇ ನೆಟ್ಟಿತ್ತು. ಮಂಚದ ತಲೆದಿಂಬು ನೆನಪಾಗಿ ಅಳು ಒತ್ತಿಕೊಂಡು ಬಂತು. ಗಂಡನನ್ನು ಮಣ್ಣು ಮಾಡಿದ ವರ್ಷ ಅವಳಿಗೆ ನಿದ್ದೆ ಬಂದದ್ದು ಆ ಮಂಚದ ಮೇಲೆ ಮಾತ್ರ.

ಆಗ ಬೆನ್ನ ಹಿಂದಿನ ಕಾಡಿನಿಂದಲ್ಲ, ಎದುರಿನ ನೀರಿನಾಚೆಯಿಂದ ಚಳ್, ಚಳ್ ಎಂದು ಕೇಳಿಸಿತು. ಒಂದು ಹೆಣ್ಣು ಜಿಂಕೆ ಏರಿ ಹತ್ತಿ ಮೈ ಕೊಡವಿತು. ಹಿಂದೆಯೇ ಎರಡು ಮರಿ. ಬಿಡಾರದವರು ಹೆಣ್ಣಿಗೆ ಗುಂಡಿಡುವವರಲ್ಲ. ಕ್ಲೆಲಿ ಉಸಿರು ಬಿಗಿಹಿಡಿದಳು. ಎಷ್ಟೋ ಹೊತ್ತಿನ ಮೇಲೆ ಎದೆಮಟ್ಟದ ನೀರು ಸೀಳುತ್ತ, ಮೂಗು ಮೇಲೆತ್ತಿಕೊಂಡು ಬಂದ ಗಂಡು ದಡ ಹತ್ತಿ ಅಡ್ಡಕ್ಕೆ ನಿಂತಿತು. ಎಂಟು ಕವಲಿನ ಕೊಂಬು!

ಕೋವಿಯನ್ನು ಹೆಗಲಿಗೇರಿಸಿದಳು. ಗುರಿ ಕೂಡಿದ ಮೇಲೆ ಒಂದೇ ಗುಂಡು ಹೊಡೆದಳು.

ಹೊಗೆ ಸರಿದಾಗ ಜಿಂಕೆ ನಿಂತಲ್ಲೇ ಬಿದ್ದಿತ್ತು. ಕ್ಲೆಲಿ ದೋಣಿಯಲ್ಲಿ ಎದ್ದುನಿಂತು, ಹುಡುಗಿಯ ಹಾಗೆ, ಗಂಟಲು ಹರಿಯುವಂತೆ ಕೂಗಿದಳು. ಬಕಗಳೆಲ್ಲ ಎದ್ದು ಹಾರಿದವು. ಅವಳು ಅಷ್ಟು ಸಂತೋಷಪಟ್ಟು ಎಷ್ಟು ವರ್ಷವಾಗಿತ್ತೋ.

ಮಧ್ಯಾಹ್ನ ಬಿಡಾರಕ್ಕೆ ಬಂದಾಗ ಪ್ಲಾಸೀದ ಮೆಟ್ಟಿಲ ಮೇಲೆ ಕೂತು ಬೂಟಿನಿಂದ ನೀರು ಸುರಿಯುತ್ತಿದ್ದ. ದೋಣಿ ತುಂಬ ಮಲಗಿದ್ದ ಜಿಂಕೆಯನ್ನು ನೋಡಿ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ದಿಬ್ಬದ ಮೇಲೆ ಮೊಣಕಾಲುದ್ದ ನೀರು ಕಣೇ," ಅಂದ ಕೊನೆಗೆ. "ಕಾಯೆಲ್ಲ ತೇಲ್ತಾ ಇದ್ವು. ನೀರು ತಿರುಗಿದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಕೇಳಿದ್ಯಾ?"

ಓಕ್ತಾವ್ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ಲಾಸೀದ ಕೆಂಪಾದ, ಆಮೇಲೆ ತಾನೂ ನಕ್ಕ. ನಕ್ಕು, ಎದ್ದು, ಅಳಿಯನ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ತನ್ನ ದೋಣಿಗೆ ಹಾಕಿದ. ಆ ಸಂಜೆ ಜಿಂಕೆಯ ಈಲಿ ಹುರಿದು ಮೊದಲ ತುತ್ತನ್ನು ಕ್ಲೆಲಿಯ ತಟ್ಟೆಗೆ ಬಡಿಸಿದವನೂ ಅವನೇ.

ಮರುದಿನ ಭಾನುವಾರ, ಹಂಗಾಮಿನ ಕೊನೆಯ ದಿನ, ನಸುಕಿನಲ್ಲಿ ಮಂಜು ನೀರಿಗಂಟಿಕೊಂಡಿತ್ತು. ಕ್ಲೆಲಿ ದೋಣಿ ಬಿಚ್ಚಿ ಹುಟ್ಟು ಹಾಕಿದಳು. ಹಿಂದಿನಿಂದ ಬಿಡಾರದ ಉಳಿದ ಐದು ದೋಣಿಗಳು ಬರುತ್ತಿದ್ದವು, ಒಬ್ಬರೂ ಯಂತ್ರ ಚಾಲೂ ಮಾಡಿರಲಿಲ್ಲ, ಒಬ್ಬರೂ ಅವಳನ್ನು ಹಿಂದಿಕ್ಕುತ್ತಿರಲಿಲ್ಲ. ಕಾಲುವೆಯ ತಿರುವಿನಲ್ಲಿ ಗಾಳಿ ಯಾವ ಕಡೆಯದೆಂದು ನೋಡಲು ಅವಳು ಒದ್ದೆ ಕೈ ಮೇಲೆತ್ತಿದಳು. ಹಿಂದೆ ಐದು ಹುಟ್ಟುಗಳೂ ಎತ್ತಿದಲ್ಲೇ ನಿಂತು ನೀರು ತೊಟ್ಟಿಕ್ಕಿಸಿದವು.