ಇಟ್ಟಿಗಿಗೆ ಹೋಗುವ ಸಕ್ಕರೆ ಆರತಿ

ಮುಂಬಾಗಿಲು ಬಡಿದ ಸದ್ದಾಗುತ್ತಲೇ ಶರೀಫಾ ಬೀ ಕೈಯಲ್ಲಿದ್ದ ಸೌಟನ್ನು ಸೊಸೆಯ ಕೈಗೆ ತುರುಕಿ ಎದ್ದುಬಿಟ್ಟಳು. ಹಿತ್ತಲಿನ ಒಲೆಯ ಮೇಲೆ ಸಕ್ಕರೆ ಪಾಕ ಇನ್ನೂ ಕುದಿಯುತ್ತಿತ್ತು. ಸೆರಗು ಎಳೆದುಕೊಂಡು, ನೆಲದ ಮೇಲೆ ಹರಡಿದ್ದ ಮರದ ಅಚ್ಚುಗಳನ್ನು ದಾಟಿ, ಒಳಕೋಣೆಯ ಪರದೆಯ ಹಿಂದೆ ಸೇರಿಕೊಂಡಳು. ಆಕೆಯ ಗಂಡ ಮಕ್ತುಂ ಸಾಬ್ ಈ ಓಟವನ್ನು ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆದರೆ ಮಕ್ತುಂ ಸಾಬ್ ಈ ಮಳೆಗಾಲದಲ್ಲಿ ತೀರಿಕೊಂಡಿದ್ದ, ಮತ್ತು ಈ ಓಡಾಟ ಶುರುವಾದದ್ದೇ ಆತ ತೀರಿಕೊಂಡದ್ದರಿಂದ.

"ಯಾರ್ರೀ?" ಒಲೆಯ ಮುಂದಿನಿಂದ ಸೊಸೆ ಗುಲಫಶಾ ಕೂಗಿದಳು.

"ಹಾಲು, ತಂಗೀ!"

ಹಾಲಿನವನಿಗೆ ಹೆದರಿ ಓಡಿದಂತಾಯಿತು. ಶರೀಫಾ ಬೀಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ವಾಪಸು ಬಂದು ನೋಡಿದರೆ ಪಾಕ ಹದ ಮೀರಿ ಪಾತ್ರೆಯ ಅಂಚಿಗೆ ಮರಳಿನ ಹಾಗೆ ಕಟ್ಟಿತ್ತು. ಗುಲಫಶಾ ಸೌಟು ಹಿಡಿದುಕೊಂಡು ತಪ್ಪು ಮಾಡಿದವಳಂತೆ ನಿಂತಿದ್ದಳು.

"ನೀರು ಹಾಕಿ ಮತ್ತ ಕರಗಸು," ಎಂದು ಶರೀಫಾ ಬೀ ಕೆಳಗೆ ಕುಳಿತಳು.

ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಇವರದು ಸಕ್ಕರೆ ಆರತಿಯ ಮನೆ. ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ತೇಗದ ಅಚ್ಚುಗಳು ಅಟ್ಟದಿಂದ ಇಳಿಯುತ್ತವೆ. ನೀರಲ್ಲಿ ನೆನೆಸಿ, ಎರಡು ಹೋಳು ಜೋಡಿಸಿ ಕಟ್ಟಿ, ಹದಕ್ಕೆ ಬಂದ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ಒಂಟೆ, ನವಿಲು, ಬಸವಣ್ಣ ಬೆಳ್ಳಗೆ ಎದ್ದು ಬರುತ್ತವೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ, ಆಮೇಲೆ ಮನೆಮಂದಿಯೆಲ್ಲ ಕಟಕಟ ಕಡಿದು ತಿನ್ನುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಯಿದ್ದರಂತೂ ಗಂಡಿನ ಮನೆಯಿಂದ ಸೀರೆಯ ಜೊತೆ ದೊಡ್ಡ ಆರತಿಯೇ ಹೋಗಬೇಕು. ಆ ಆರತಿ ಮಾತ್ರ ಮುತ್ತೈದೆಯ ಕೈಯಿಂದ ಆಗಿರಬೇಕು. ಮುಸ್ಲಿಮರ ಮನೆ ಎಂಬುದು ಇಷ್ಟು ವರ್ಷ ಯಾರಿಗೂ ಅಡ್ಡಿಯಾಗಿರಲಿಲ್ಲ. ಶರೀಫಾ ಬೀಯ ಕೈತುಂಬ ಹಸಿರು ಬಳೆ ಇದ್ದವು, ಜನಕ್ಕೆ ಅಷ್ಟು ಸಾಕಿತ್ತು. ಈ ಸಲ ಬಳೆ ಇರಲಿಲ್ಲ.

ಉಪಾಯ ಹೂಡಿದವನು ಮಗ ಇಶ್ತಿಯಾಕ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು, ಎಲ್ಲಿ ಸೋರಿದರೂ ಒಂದು ತೇಪೆ ಹಚ್ಚಿ ನೀರು ಎತ್ತಿಸುವ ಜಾಣ. "ಅಮ್ಮಾ, ಜನ ಬಾಯಿಬಿಟ್ಟು ಏನೂ ಅನ್ನಂಗಿಲ್ಲ. ಸುಮ್ಕ ಬ್ಯಾರೆ ಕಡಿ ಹೋಗಿಬಿಡ್ತಾರ. ಯಾರರ ಬಂದ್ರ ನೀನು ಒಳಗ ಹೋಗು. ಗುಲಫಶಾ ಮುಂದ ಕುಂದರ್ತಾಳ."

"ಆಕಿಗೆ ಪಾಕ ಹಿಡ್ಯಾಕ ಬರಂಗಿಲ್ಲಲ್ಲೋ."

"ಹೊಯ್ಯಾಕಿ ನೀನ. ತೋರಿಸ್ಕಳ್ಳಾಕ ಅಷ್ಟ ಆಕಿ."

"ಆತು," ಅಂದಿದ್ದಳು ಶರೀಫಾ ಬೀ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಆಕೆ "ಆತು" ಅನ್ನುತ್ತಿದ್ದಳು. ಉಣ್ಣು ಎಂದರೆ ಉಣ್ಣುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಮಣ್ಣಾದ ದಿನ ಓಣಿಯ ಹೆಂಗಸರು ಸುತ್ತ ಕುಳಿತು, "ಅತ್ತುಬಿಡು ಶರೀಫಾ, ಎದಿ ಹಗುರಾಗತೈತಿ" ಎಂದು ಬೆನ್ನು ಸವರಿದ್ದರು. ಆಕೆ ಪ್ರಯತ್ನವನ್ನೂ ಮಾಡಿ ನೋಡಿದಳು. ಹಗುರಾಗಲು ಎದೆಯಲ್ಲಿ ಏನಾದರೂ ಇರಬೇಕಲ್ಲ? ಏನೂ ಇರಲಿಲ್ಲ. ಗಂಡ ಸತ್ತವಳು ಮನೆಯಲ್ಲೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿಯುವವರೆಗೆ ಹೊಸಿಲು ದಾಟುವಂತಿಲ್ಲ ಎಂದರು. ದಾಟಬೇಕೆಂದು ಆಕೆಗೆ ಅನ್ನಿಸಿಯೂ ಇರಲಿಲ್ಲ. ಅಂತೂ ಕೈ ಮಾತ್ರ ತನ್ನ ಕೆಲಸ ಮರೆಯಲಿಲ್ಲ, ಆನೆ ಒಂಟೆಗಳು ಎಂದಿನಂತೆ ಎದ್ದು ಬಂದವು, ಹೆಸರು ಗುಲಫಶಾಳದಾಯಿತು.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಹಂಪಸಾಗರದ ನಾಗಲಿಂಗಮ್ಮ ಬಂದಳು. ಅಕ್ಕತಂಗಿಯರ ಮಕ್ಕಳಿಗೆಲ್ಲ ವರ್ಷವರ್ಷವೂ ಇಲ್ಲಿಂದಲೇ ಆರತಿ ಕೊಡಿಸಿದವಳು. ಈ ಸಲ ಸ್ವಂತ ಮಗನದೇ ಪಾಳಿ. ಮಗ ಕೊಟ್ರಸ್ವಾಮಿಗೆ ಇಟ್ಟಿಗಿ ಊರಿನ ಹುಡುಗಿ ಗೊತ್ತಾಗಿದ್ದಳು. ನಾಳೆ ಆಕೆಗೆ ಆರತಿ ಮುಟ್ಟಬೇಕು. ನಾಗಲಿಂಗಮ್ಮನ ದನಿ ಓಣಿಯ ತುದಿಯಲ್ಲೇ ಕೇಳಿದ್ದರಿಂದ ಶರೀಫಾ ಬೀ ಈ ಸಲ ನಿಧಾನವಾಗಿಯೇ ಪರದೆಯ ಹಿಂದೆ ಹೋದಳು. ಇಶ್ತಿಯಾಕ ಅಂಗಡಿಯಲ್ಲಿದ್ದ. ಗುಲಫಶಾ ಬುಟ್ಟಿ ತಂದು ಪಡಸಾಲೆಯಲ್ಲಿಟ್ಟಳು.

"ನೀನ ಬಿಚ್ಚಿ ತೋರಸವ್ವ, ನಾ ಕೈ ಹಚ್ಚಂಗಿಲ್ಲ," ಎಂದಳು ನಾಗಲಿಂಗಮ್ಮ. ಕಾಗದ ಸರಿದ ಸದ್ದು. ಆಮೇಲೆ, "ಅಯ್ಯ ನನ್ನವ್ವ! ಈ ಆನಿ ಸೊಂಡ್ಲಿ ನೋಡು, ಎಷ್ಟು ನುಣ್ಣಗ ಬಂದೈತಿ! ನಿಮ್ಮತ್ತಿ ಕೈಕಿಂತ ನಿನ್ನ ಕೈ ಪಾಡೈತಿ ಬಿಡು."

ಪರದೆಯ ಹಿಂದೆ ಶರೀಫಾ ಬೀ ಇದನ್ನು ಕೇಳಿಸಿಕೊಂಡಳು. ಆ ಆನೆಯನ್ನು ನಿನ್ನೆ ಬೆಳಗಿನ ನಮಾಜು ಮುಗಿಸಿ ತಾನೇ ಹೊಯ್ದದ್ದು. ಬೇರೆ ಯಾವ ವರ್ಷವಾಗಿದ್ದರೂ ಈ ಮಾತಿಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಈಗ ಬೇರೆ ಯಾರದೋ ಮನೆಯ ಮಾತಿನಂತಿತ್ತು.

"ಅಷ್ಟೇನಿಲ್ಲ ಬಿಡ್ರಿ ಅಮ್ಮಾರ," ಎಂದಳು ಗುಲಫಶಾ.

ನಾಗಲಿಂಗಮ್ಮ ದನಿ ತಗ್ಗಿಸಿದಳು. ತಗ್ಗಿಸಿದರೂ ಅದು ಇತರರ ಮಾಮೂಲು ದನಿಯಷ್ಟಿತ್ತು. "ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ನನ್ನ ಕೊಟ್ರಸ್ವಾಮಿ ತೊಟ್ಲಾಗಿದ್ದಾಗ ಅವ್ರಪ್ಪ ಹೋದ. ಸಾಕಿದ್ದು ನಾನ, ಓದಿಸಿದ್ದು ನಾನ. ಆದ್ರ ನಾಳಿ ಇಟ್ಟಿಗಿಗೆ ಆರತಿ ಒಯ್ಯಾಕಿ ನಮ್ಮ ನೆಗೆಣ್ಣಿ ಪಾಲಮ್ಮ. ನಾನು ಬಸ್‌ಸ್ಟ್ಯಾಂಡಿನ್ಯಾಗ ನಿಂತು ಕಳಸಾಕಿ ಅಷ್ಟ. ಈಗೂ ಆಕಿ ಸೀರಿ ಅಂಗಡ್ಯಾಗ ಅದಾಳ, ಬಂದು ಬುಟ್ಟಿ ಹಿಡ್ಕಂತಾಳ. ನನ್ನ ಹಣಿಬರ ಆ ಹುಡುಗಿ ತಲಿಗೆ ಅಂಟಬಾರ್ದು ನೋಡು. ಅದಕ್ಕ ಕೇಳಿದೆ. ನೀನ ಹೊಯ್ದೀ ಹೌದಿಲ್ಲ? ನಿಮ್ಮತ್ತಿ ಮುಟ್ಟಿಲ್ಲಲ್ಲ?"

ಗುಲಫಶಾ ಬಿಚ್ಚಿದ ಕಾಗದವನ್ನು ಮತ್ತೆ ಮಡಚತೊಡಗಿದಳು. ಸುಳ್ಳು ಆಕೆಗೆ ಹೊಸದೇನಲ್ಲ. ಈ ಹದಿನೈದು ದಿನಗಳಿಂದ ಬಂದವರಿಗೆಲ್ಲ ಸಲೀಸಾಗಿ ಹೌದು ಹೌದು ಎಂದು ಕಳಿಸಿದ್ದಳು. ಆದರೆ ಅವರು ಯಾರೂ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಮಾತು ಆಡಿರಲಿಲ್ಲ.

ಒಳಗೆ ಶರೀಫಾ ಬೀ ಕಾದಳು. ಸೊಸೆ ಈಗ ಹೌದು ಎನ್ನುತ್ತಾಳೆ, ಈಗ ಎನ್ನುತ್ತಾಳೆ. ತನ್ನ ಕೈಯಿಂದ ಒಂದು ಹುಡುಗಿಗೆ ಕೇಡಾಗುತ್ತದೆ ಎಂದು ಆಕೆ ನಂಬಿರಲಿಲ್ಲ. ತನ್ನ ಮದುವೆಯಲ್ಲಿ ಅಂಗೈಗೆ ಮದರಂಗಿ ಇಟ್ಟವಳು ವಿಧವೆಯಾಗಿದ್ದ ತನ್ನ ತಾಯಿಯೇ. ಆದರೂ, ತಾನು ನಂಬಿದ್ದಕ್ಕಾಗಿ ಸ್ವಂತ ಮಗನ ಸಂಭ್ರಮದಿಂದಲೇ ದೂರ ನಿಂತ ಹೆಂಗಸು ಅದು. ಅಂಥವಳಿಗೆ ಪರದೆಯ ಹಿಂದಿನಿಂದ ಮೋಸ ಮಾಡುವುದೆಂದರೆ ನಾಚಿಕೆಗೇಡು ಅನ್ನಿಸಿತು. ಪರದೆ ಸರಿಸಿ ಹೊರಗೆ ಬಂದಳು.

"ಹೊಯ್ದಾಕಿ ನಾನ, ಅಕ್ಕಾರ."

ನಾಗಲಿಂಗಮ್ಮ ಮೊದಲು ಆಕೆಯ ಮುಖ ನೋಡಿದಳು, ಆಮೇಲೆ ಬೋಳು ಮುಂಗೈ ನೋಡಿದಳು. "ಎಲ್ಲಾನೂ?"

"ಎಲ್ಲಾನೂ. ಈಕಿಗೆ ಪಾಕ ಬರಂಗಿಲ್ಲ."

ಈಗ ಓಣಿ ಒಟ್ಟುಗೂಡುತ್ತದೆ ಎಂದು ಗುಲಫಶಾ ಬಾಗಿಲ ಕಡೆ ನೋಡಿದಳು. ನಾಗಲಿಂಗಮ್ಮ ಕಿರುಚಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, "ಎಂಥಾ ಕೆಲಸ ಮಾಡಿದ್ರವ್ವ," ಎಂದಳು, ಅಷ್ಟೆ. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಪಾಲಮ್ಮ ಬರಾತನ ಟೈಮೈತಿ. ಈಗ ನಿನ್ನ ಸೊಸಿ ಹೊಯ್ಯಲಿ."

"ಆಕಿ ಕೈಯಾಗ ಕೆಟ್ಟರ?"

"ಕೆಟ್ಟರ ಬರೇ ಸೀರಿ ಹೊಕ್ಕತಿ. ಇಟ್ಟಿಗಿಯವ್ರು ಆಡಿಕ್ಯಂತಾರ. ಏನ್ ಮಾಡಾಕಾಗತೈತಿ?"

"ಮತ್ತ ಈ ಆರತಿ?"

"ಇದು ನನಗಿರ್ಲಿ. ನಾ ತಿಂತೀನಿ." ಇಲ್ಲಿಯವರೆಗೆ ಮುಟ್ಟದಿದ್ದ ಬುಟ್ಟಿಯನ್ನು ನಾಗಲಿಂಗಮ್ಮ ಎರಡೂ ಕೈಯಿಂದ ಎತ್ತಿ ಕಂಕುಳಿಗೆ ಇಟ್ಟುಕೊಂಡಳು. "ನನಗ ಇನ್ನೇನ್ ಆಗಾದೈತಿ?"

ಮೂವರೂ ಹಿತ್ತಲಿಗೆ ಹೋದರು. ಹೊಯ್ಯುವ ಹೊತ್ತಿಗೆ ತಮ್ಮಂಥವರ ಕಣ್ಣೂ ಬೀಳಬಾರದು ಎಂದು ನಾಗಲಿಂಗಮ್ಮನ ಹಟ. ಒಲೆಗೆ ಬೆನ್ನು ಹಾಕಿ, ಬಚ್ಚಲ ಪಕ್ಕದ ಬಂಡೆಯ ಮೇಲೆ ತಾನು ಕುಳಿತು, ಪಕ್ಕದ ಜಾಗ ತಟ್ಟಿದಳು. "ಬಾ ಶರೀಫಮ್ಮ, ಈ ಕಡಿ ಮಕ ಮಾಡಿ ಕುಂದ್ರು. ತಿರುಗಿ ನೋಡಬ್ಯಾಡ. ಬಾಯಿನೂ ಹಾಕಬ್ಯಾಡ. ಆಕಿ ತಾನ ಮಾಡ್ಲಿ."

"ಆತು," ಎಂದಳು ಶರೀಫಾ ಬೀ.

ಎದುರಿಗೆ ಕಾಂಪೌಂಡಿನ ಗೋಡೆ ಬಿಟ್ಟು ನೋಡಲು ಏನೂ ಇರಲಿಲ್ಲ. ಬೆನ್ನ ಹಿಂದೆ ಪಾತ್ರೆಗೆ ಸಕ್ಕರೆ ಸುರಿದ ಸದ್ದಾಯಿತು, ನೀರು ಬಿದ್ದ ಸದ್ದಾಯಿತು. ಕೊಳೆ ತೇಲಲೆಂದು ಹಾಲು ಹಾಕಿದ್ದು, ನೊರೆ ತೆಗೆದು ಚೆಲ್ಲಿದ್ದು, ನೆನೆದ ಅಚ್ಚುಗಳನ್ನು ಜೋಡಿಸಿ ಕಟ್ಟಿದ್ದು, ಒಂದೊಂದೂ ಕಿವಿಗೆ ಬರುತ್ತಿತ್ತು.

"ರಾತ್ರಿ ನಿದ್ದಿ ಬರ್ತೈತಾ?" ನಾಗಲಿಂಗಮ್ಮ ಗೋಡೆಯನ್ನೇ ನೋಡುತ್ತ ಕೇಳಿದಳು.

"ಬರ್ತೈತಿ, ಅಕ್ಕಾರ."

"ನನಗೂ ಬರ್ತಿತ್ತು. ಕುಂಭಕರ್ಣನಂಗ ಮಲಗ್ತಿದ್ದೆ. ಜನ ಬೈದ್ರು."

ಹಿಂದೆ ಕುದಿಯ ಸದ್ದು ಏರುತ್ತಿತ್ತು. ಮೊದಲು ಸರಸರ ಅನ್ನುತ್ತಿದ್ದದ್ದು ಬರಬರುತ್ತ ಭಾರವಾಯಿತು, ಗುಳ್ಳೆ ಒಡೆಯುವುದು ನಿಧಾನವಾಯಿತು. ಇನ್ನು ಸ್ವಲ್ಪ ಹೊತ್ತು. ಗುಲಫಶಾ ಯಾವಾಗಲೂ ಎಡವುವುದು ಇಲ್ಲೇ. ಒಂದೋ ಹೆದರಿ ಬೇಗ ಇಳಿಸಿಬಿಡುತ್ತಾಳೆ, ಇಲ್ಲವೇ ನೋಡುತ್ತಲೇ ನಿಂತುಬಿಡುತ್ತಾಳೆ.

ಇಂದೂ ಕೆಡಲಿ, ಎಂದು ಶರೀಫಾ ಬೀಯ ಮನಸ್ಸು ಹೇಳಿತು.

ಆಕೆ ಬೆಚ್ಚಿಬಿದ್ದಳು. ಎಲ್ಲಿಂದ ಬಂತು ಈ ಮಾತು? ಕೆಡಲಿ. ಆನೆಯ ಸೊಂಡಿಲು ಮುರಿಯಲಿ. ಇವಳಿಗೆ ಬರುವುದೇ ಬೇಡ. ನಾನಿಲ್ಲದೆ ಈ ಒಲೆ ಹೊತ್ತಬಾರದು. ಮಗಳ ಹಾಗೆ ಎರಡು ವರ್ಷದಿಂದ ಜೊತೆಗಿದ್ದ ಸೊಸೆಗೆ, ಮುಖವನ್ನೂ ನೋಡದ ಇಟ್ಟಿಗಿಯ ಹುಡುಗಿಗೆ, ಪಕ್ಕದಲ್ಲಿ ಕುಳಿತ ಈ ಹೆಂಗಸಿಗೆ, ಮೂವರಿಗೂ ಒಂದೇ ಏಟಿಗೆ ಕೇಡು ಬಯಸಿದಂತಾಯಿತು. ಕಿವಿ ಬಿಸಿಯಾದವು. ನಾಚಿಕೆಯೋ, ಹೊಟ್ಟೆಕಿಚ್ಚೋ, ಎರಡೂ ಇದ್ದವು. ತಿಂಗಳುಗಟ್ಟಲೆ ಏನೂ ಇಲ್ಲದೆ ಬಿದ್ದಿದ್ದ ಎದೆಯೊಳಗೆ ಮೊದಲು ಬಂದದ್ದು ಇದು.

ಗುಳ್ಳೆಗಳ ಸದ್ದು ದಪ್ಪಗಾಯಿತು. ಈಗ. ಶರೀಫಾ ಬೀಯ ಬಲಗೈ ಮಡಿಲಲ್ಲಿ ತಾನೇ ಎದ್ದಿತು. ಇಳಿಸು ಎನ್ನಲು ತುಟಿ ಬಿಚ್ಚಿತು.

ಬೆನ್ನ ಹಿಂದೆ ಪಾತ್ರೆ ಒಲೆಯಿಂದ ಇಳಿದ ಸದ್ದಾಯಿತು. ತಡವಿಲ್ಲ, ಅವಸರವಿಲ್ಲ. ಸೌಟು ಪಾಕವನ್ನು ಪಾತ್ರೆಯ ಬದಿಗೆ ತಿಕ್ಕಿತು, ತಿಕ್ಕಿತು, ನಿಂತಿತು. ಆಮೇಲೆ ಅಚ್ಚಿನ ಬಾಯಿಗೆ ಇಳಿಯುವ ಪಾಕದ ಸಣ್ಣ ಸದ್ದು, ಒಂದಾದ ಮೇಲೆ ಒಂದು.

"ಬಂತಾ?" ನಾಗಲಿಂಗಮ್ಮ ಪಿಸುಗುಟ್ಟಿದಳು.

"ಬಂತು," ಎಂದಳು ಶರೀಫಾ ಬೀ. ಕಣ್ಣಿಂದ ನೀರು ಇಳಿಯತೊಡಗಿತ್ತು. ತಡೆಯಲು ನೋಡಿದಳು, ಅದು ನಿಲ್ಲುವ ಜಾತಿಯದಾಗಿರಲಿಲ್ಲ. ಮನೆಯಲ್ಲಿ ಮಕ್ತುಂ ಸಾಬ್ ಇಲ್ಲ. ಒಲೆಯ ಮುಂದೆ ತಾನೂ ಇಲ್ಲ. ಎರಡೂ ಆಕೆಗೆ ಒಟ್ಟಿಗೇ ಗೊತ್ತಾದವು. ಸದ್ದಾಗದ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿ ಅತ್ತಳು. ನಾಗಲಿಂಗಮ್ಮ ಅಳಬೇಡ ಎನ್ನಲಿಲ್ಲ, ಬೆನ್ನು ಸವರಲಿಲ್ಲ, ಮುಖ ಇತ್ತ ಹೊರಳಿಸಲೂ ಇಲ್ಲ.

ಅಚ್ಚು ಆರುವಷ್ಟು ಹೊತ್ತು ಹೋಯಿತು.

"ಅಮ್ಮಾ!" ಗುಲಫಶಾ ಕೂಗಿದಳು. ಎಲ್ಲ ಮರೆತ ಕೂಗು ಅದು. "ಆನಿ ಬಂತಮ್ಮಾ! ಕಾಲು, ಸೊಂಡ್ಲಿ, ಎಲ್ಲಾ ಬಂದೈತಿ! ನೋಡಿಲ್ಲಿ!"

ಶರೀಫಾ ಬೀಯ ಕತ್ತು ಹೊರಳಿತು. ನಾಗಲಿಂಗಮ್ಮನ ಕೈ ಆಕೆಯ ಮೊಣಕಾಲಿನ ಮೇಲೆ ಬಂದು ಕುಳಿತಿತು.

"ತಿರುಗಬ್ಯಾಡ, ಶರೀಫಮ್ಮ."

ಆಕೆ ತಿರುಗಲಿಲ್ಲ. "ಹುಷಾರಿ ಹಿಡಿ, ಗುಲಫಶಾ," ಎಂದಳು ಗೋಡೆಗೆ. "ಇನ್ನಾ ಬಿಸಿ ಇರತೈತಿ."

ನಾಗಲಿಂಗಮ್ಮ ಮಡಿಲಲ್ಲಿದ್ದ ಬುಟ್ಟಿಯ ಕಾಗದ ಸರಿಸಿ, ನಿನ್ನೆಯ ಆನೆಯನ್ನು ಎತ್ತಿ ಬಂಡೆಯ ಅಂಚಿಗೆ ಕುಟ್ಟಿದಳು. ಅದು ನಡುವಿಗೆ ಎರಡಾಯಿತು. ಅರ್ಧ ತನ್ನ ಬಾಯಿಗೆ ಹಿಡಿದು, ಉಳಿದರ್ಧವನ್ನು ನೋಡದೆಯೇ ಪಕ್ಕಕ್ಕೆ ಚಾಚಿದಳು. ಶರೀಫಾ ಬೀ ತೆಗೆದುಕೊಂಡಳು. ಹಿಂದೆ ಗುಲಫಶಾ ಒಂಟೆಯ ಅಚ್ಚು ಬಿಚ್ಚುತ್ತಿದ್ದಳು. ಇವರಿಬ್ಬರೂ ಗೋಡೆಯ ಕಡೆ ಮುಖ ಮಾಡಿಕೊಂಡು ಸಕ್ಕರೆ ಚೀಪುತ್ತ ಕುಳಿತರು.