ನಿದ್ದೆಗೆ ಫ್ರೆಂಚ್‌ನಲ್ಲಿ

ಎರಡನೆಯ ಗುದ್ದು ವಾಣಿಶ್ರೀಯ ದವಡೆಗೆ ಬಿತ್ತು. ತಲೆ ಮಂಚದ ಹಲಗೆಗೆ ಬಡಿಯಿತು, ಬಾಯಿ ತುಂಬ ರಕ್ತದ ಉಪ್ಪು. ಪಕ್ಕದಲ್ಲಿದ್ದ ಗಂಡ ಈರೇಶನ ಕಣ್ಣು ಮುಚ್ಚಿತ್ತು. ಮುಷ್ಟಿ ಮತ್ತೆ ಮೇಲೆದ್ದಿತು.

"ರೀ! ಏಳ್ರಿ!"

ಮೊಣಕೈ ಪಕ್ಕೆಗೆ ಇಳಿಯಿತು. ಮಂಚದಿಂದ ಉರುಳಿದವಳನ್ನು ಜಡೆ ಹಿಡಿದು ಜಗ್ಗಿದ.

ಮೂರು ತಿಂಗಳಿಂದ ಹೀಗೇ. ಎದ್ದ ಮೇಲೆ ಗೋಳಾಡುತ್ತಾನೆ: "ನಿದ್ಯಾಗ ಏನ್ ಮಾಡ್ತೀನೋ ನನಗ ಗೊತ್ತಾಗೂದಿಲ್ಲ ವಾಣಿ." ಅವಳು ನಂಬಿದ್ದಳು. ತಾವಿರುವ ಪರದೇಶದ ಊರು ಪ್ಲಿಮತ್‌ನಿಂದ ಐದು ತಾಸು ಡ್ರೈವ್ ಮಾಡಿ ಅರೋರಾದ ಗುಡಿಯ ಬಾಲಾಜಿಗೆ ಹರಕೆ ಹೊತ್ತು ಬಂದಿದ್ದಳು. ಕುತ್ತಿಗೆಯ ನೀಲಿ ಕಲೆ ನೋಡಿದ ಗೆಳತಿ ಮೈತ್ರೇಯಿಗೆ, "ಪಾಪ, ಅವರಿಗೆ ನಿದ್ದಿ ಬ್ಯಾನಿ ಐತಿ" ಅಂದಿದ್ದಳು.

ಕಂಪನಿ ಅವನನ್ನು ಲಿಯೋನ್‌ಗೆ ಕಳಿಸಲಿತ್ತು. ಅದಕ್ಕೇ ಪ್ರತಿ ಭಾನುವಾರ ಊಟ ಮುಗಿಸಿ, ಪರದೆ ಎಳೆದು, ಹಾಸಿಗೆಯಲ್ಲೇ ಫ್ರೆಂಚ್ ಕಲಿಕೆ. ಅವಳು ಕನ್ನಡದಲ್ಲಿ ಕೇಳಬೇಕು. ಅವಳ ಮಾತು ಮುಗಿಯುವುದರೊಳಗೆ ಅವನು ಉತ್ತರ ಹೇಳಬೇಕು. ತಡವಾದರೆ ಸಂಜೆಯವರೆಗೂ ಮುಖ ಗಂಟು. ಇವತ್ತು ನಿದ್ದೆಯ ಪಾಠ. ತೂಕಡಿಸೋದು? ಸೊಮ್ನೊಲೆ. ನಿದ್ದೆಗೆ ಜಾರೋದು? ಸಾಂದೋರ್ಮೀರ್. ನಿದ್ದೆಯಿಲ್ಲದ ರಾತ್ರಿ ಅವರಿಗೆ ಬಿಳಿ ರಾತ್ರಿ. ಗಾಢ ನಿದ್ದೆಗೆ ಚಳಿಗಾಲವಿಡೀ ಮಲಗುವ ಒಂದು ಇಲಿಯ ಹೋಲಿಕೆ. "ನಮ್ಮ ಕುಂಭಕರ್ಣನ್ನ ಇಲಿ ಮಾಡ್ಯಾರ ನೋಡು" ಎಂದು ನಕ್ಕಿದ್ದ.

ಆಗ ಅವಳು, ತನಗೆ ಇಲ್ಲೇ ಕೆಲಸ ಸಿಕ್ಕಿದೆ, ಲಿಯೋನ್‌ಗೆ ಬರುವುದಿಲ್ಲ ಎಂದಿದ್ದಳು. ಅವನು ಕಣ್ಣು ಮುಚ್ಚಿದ್ದ.

ಈಗ ಜಡೆ ಇನ್ನೊಮ್ಮೆ ಜಗ್ಗಿದ. ಹಣೆ ಟೇಬಲ್ಲಿನ ಅಂಚಿಗೆ ತಾಗಿ ಸೀಳಿತು. ಕಿರುಚಲು ಬಾಯಿ ತೆರೆದವಳು ಕೇಳಿದಳು:

"ಆ ಇಲಿ ಹಂಗ ಮಲಗೂದಕ್ಕ ಏನಂತಾರ್ರೀ?"

"ದೋರ್ಮೀರ್ ಕೊಮ್ ಅಂ ಲ್ವಾರ್."

ತಟ್ಟನೆ, ಸ್ಪಷ್ಟವಾಗಿ, ಕಣ್ಣು ಮುಚ್ಚಿಕೊಂಡೇ. ಮುಷ್ಟಿ ಗಾಳಿಯಲ್ಲಿ ನಿಂತಿತು. ರೆಪ್ಪೆ ಅದುರಿತು. ಆಮೇಲೆ ಒಂದು ಗೊರಕೆ ಹೊಡೆದ.

ವಾಣಿಶ್ರೀ ಟೇಬಲ್ ಲ್ಯಾಂಪ್ ಎತ್ತಿ ಅವನ ಮಣಿಕಟ್ಟಿಗೆ ಬೀಸಿದಳು. ಎಲುಬು ಲಟಕ್ಕೆಂದಿತು. ಜಡೆ ಬಿಟ್ಟು ಚೀರುತ್ತ ಎದ್ದು ಕೂತ.

"ಹುಚ್ಚಿ ಏನ? ನಾ ನಿದ್ಯಾಗ..."

"ನಿದ್ಯಾಗ ನಿಮಗ ಫ್ರೆಂಚ್ ಭಾಳ ಚಂದ ಬರ್ತೈತಿ."

ಅವನು ಅವಳ ಕೈಯ ಲ್ಯಾಂಪನ್ನೇ ನೋಡಿದ. ದನಿ ಮೆತ್ತಗಾಯಿತು. "ತಪ್ಪಾತು. ಲಿಯೋನ್ ಬ್ಯಾಡ, ಬಿಡು. ನೀ ನೌಕರಿ ಮಾಡು. ಬಾ ಇಲ್ಲಿ, ಹಣಿ ಒರಸ್ತೀನಿ." ಇನ್ನೊಂದು ಕೈಯಿಂದ ದಿಂಬಿನ ಕವರ್ ಚಾಚಿದ.

ಅವಳು ಕಾರಿನ ಕೀ ಎತ್ತಿಕೊಂಡಳು.

"ಒಲ್ಲೆ."